ಮಿಂಚಿನ ಖಾತೆ ಪುಸ್ತಕ

ಮಳೆಗಾಲದಲ್ಲಿ ಮೀಡಿಯಂ ವೇವ್ ರೇಡಿಯೋ ಹಚ್ಚಿದರೆ ಹಾಡಿನ ನಡುವೆ ‘ಕರ್ ಕರ್’ ಅಂತ ಸದ್ದು ಬರುತ್ತದಲ್ಲ, ಅದು ರೇಡಿಯೋದ ದೋಷವಲ್ಲ. ದೂರದಲ್ಲೆಲ್ಲೋ ಹೊಳೆದ ಮಿಂಚು ಕಳಿಸಿದ ರೇಡಿಯೋ ಅಲೆ ಅದು. ಇಂಥ ಅಲೆಗಳಿಗೆ ‘ಸ್ಫೆರಿಕ್ಸ್’ ಎಂದು ಹೆಸರು. ಅವುಗಳ ಶಕ್ತಿ ಹೆಚ್ಚಾಗಿರುವುದು 5,000ದಿಂದ 10,000 ಹರ್ಟ್ಸ್ ಆವೃತ್ತಿಯ ಆಸುಪಾಸಿನಲ್ಲಿ. ನಾವು ಕೇಳಬಲ್ಲ ಶಬ್ದದ ಆವೃತ್ತಿಗಳ ಒಳಗೇ ಈ ವ್ಯಾಪ್ತಿಯೂ ಬರುತ್ತದೆ. ಆದ್ದರಿಂದ ಒಂದು ಏರಿಯಲ್, ಒಂದು ಸಣ್ಣ ಆಂಪ್ಲಿಫೈಯರ್ ಇದ್ದರೆ ಕಂಪ್ಯೂಟರಿನ ಸೌಂಡ್ ಕಾರ್ಡೇ ಇವನ್ನು ದಾಖಲು ಮಾಡಿಕೊಳ್ಳುತ್ತದೆ.

ಹೀಗೆ ದಾಖಲಾದದ್ದು ರೋಜುಕೀರ್ದಿ ಇದ್ದ ಹಾಗೆ: ಸೆಕೆಂಡಿಗೆ 48,000 ನಮೂದು, ಎಲ್ಲವೂ ಕಾಲಕ್ರಮದಲ್ಲಿ. ಬರೀ ರೋಜುಕೀರ್ದಿ ನೋಡಿ ಬಾಡಿಗೆಗೆಷ್ಟು, ಸಂಬಳಕ್ಕೆಷ್ಟು ಹೋಯಿತೆಂದು ಹೇಳಲಿಕ್ಕಾಗುತ್ತದೆಯೇ? ಖಾತೆವಾರು ಲೆಡ್ಜರಿಗೆ ಏರಿಸಬೇಕು. ಯಾವ ಆವೃತ್ತಿಯ ಖಾತೆಯಲ್ಲಿ ಎಷ್ಟು ಶಕ್ತಿ ಎಂದು ತೋರಿಸುವ ಲೆಡ್ಜರೇ ರೋಹಿತ. ಏರಿಸುವ ಗಣಿತ ಫ್ರಾನ್ಸಿನ ಫೂರಿಯೇ ಕೊಟ್ಟದ್ದು. ಕಂಪ್ಯೂಟರ್ ಅದನ್ನು ಬೇಗ ಮುಗಿಸುವ ಕ್ರಮವನ್ನು 1965ರಲ್ಲಿ ಕೂಲಿ ಮತ್ತು ಟೂಕಿ ಪ್ರಕಟಿಸಿದರು. ಅಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರೋಗ್ರಾಮ್ ಆರಿಸಿದರೆ ಈ ಕೆಲಸ ಕ್ಷಣದಲ್ಲಿ ಆಗುತ್ತದೆ.

ಎಷ್ಟು ನಮೂದಿಗೆ ಒಂದು ಪುಟ ಎಂಬುದನ್ನು ಮಾತ್ರ ನಾವೇ ಹೇಳಬೇಕು. 1,024 ಎಂದರೆ ಪುಟಕ್ಕೆ ಸುಮಾರು 21 ಮಿಲಿಸೆಕೆಂಡ್. ಖಾತೆಯಿಂದ ಖಾತೆಗೆ ಸುಮಾರು 47 ಹರ್ಟ್ಸ್ ಅಂತರ. ಪುಟ ದೊಡ್ಡದು ಮಾಡಿದರೆ ಖಾತೆಗಳು ಸೂಕ್ಷ್ಮವಾಗುತ್ತವೆ, ಆದರೆ ಮಿಂಚು ಬಂದ ಗಳಿಗೆ ಮಸುಕಾಗುತ್ತದೆ. ಎರಡೂ ಒಟ್ಟಿಗೆ ಸಿಗೋದಿಲ್ಲ.

ಚಿತ್ರದಲ್ಲಿ ಕಾಲ ಎಡದಿಂದ ಬಲಕ್ಕೆ, ಆವೃತ್ತಿ ಕೆಳಗಿನಿಂದ ಮೇಲಕ್ಕೆ. ಬುಡದಲ್ಲಿ ಬಿಡದೆ ಓಡುವ ಅಡ್ಡಗೆರೆಗಳು ಮಿಂಚಲ್ಲ, ಮನೆಯ ಕರೆಂಟು: 50 ಹರ್ಟ್ಸ್ ಮತ್ತು ಅದರ ಮಗ್ಗಿ. ಮಿಂಚು ಎಂದರೆ ನೆಟ್ಟನೆಯ ಗೆರೆ. ರಾತ್ರಿ ಹೊತ್ತು ಕೆಲವು ಗೆರೆಗಳ ತುದಿ 1,750 ಹರ್ಟ್ಸಿನ ಹತ್ತಿರ ಬಲಕ್ಕೆ ಕೊಕ್ಕೆಯಂತೆ ಬಾಗಿರುತ್ತದೆ. ಇದಕ್ಕೆ ‘ಟ್ವೀಕ್’ ಎನ್ನುತ್ತಾರೆ.

ಈ ಕೊಕ್ಕೆಯಲ್ಲೇ ಸ್ವಾರಸ್ಯವಿರುವುದು. ಅಲೆ ನೆಲಕ್ಕೂ ಅಯಾನುಗೋಳಕ್ಕೂ ನಡುವೆ ಪುಟಿಯುತ್ತ ಸಾಗುತ್ತದೆ. ಅಲೆಯುದ್ದದ ಅರ್ಧ ಈ ಎತ್ತರಕ್ಕಿಂತ ದೊಡ್ಡದಾದರೆ ಹಾಗೆ ಪುಟಿದು ಸಾಗಲಾರದು. ಆ ಮಿತಿಯ ಹತ್ತಿರದ ಅಲೆಗಳು ತಡವಾಗಿ ಬಂದು ಸೇರುತ್ತವೆ. ಈಗ ಲೆಕ್ಕ ಹಾಕಿ. ಬೆಳಕಿನ ವೇಗ ಸೆಕೆಂಡಿಗೆ 3,00,000 ಕಿ.ಮೀ. ಅದರ ಅರ್ಧ 1,50,000. ಅದನ್ನು 1,750ರಿಂದ ಭಾಗಿಸಿದರೆ ಸುಮಾರು 86. ಅಂದರೆ ಆ ರಾತ್ರಿ ಅಯಾನುಗೋಳದ ತಳ 86 ಕಿ.ಮೀ. ಎತ್ತರದಲ್ಲಿತ್ತು! ರಾಕೆಟ್ ಬೇಡ, ಭಾಗಾಕಾರ ಬಂದರೆ ಸಾಕು. ವಾಣಿಜ್ಯದವರಿಗೆ ಅದು ಬರದೇ ಇರುತ್ತದೆಯೇ?

ಇದು ಬರೀ ಕುತೂಹಲದ ಮಾತೂ ಅಲ್ಲ. ನಮ್ಮ ದೇಶದಲ್ಲಿ ಸಿಡಿಲಿಗೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಬಲಿಯಾಗುತ್ತಾರೆ, ಅವರಲ್ಲಿ ಹೊಲದಲ್ಲಿ ದುಡಿಯುವವರೇ ಬಹಳ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ಮಿಂಚಿನ ರೇಡಿಯೋ ಅಲೆ ಹಿಡಿಯುವ ಉಪಕರಣಗಳನ್ನು ದೇಶದ ಹಲವೆಡೆ ಇಟ್ಟಿದೆ. ಅಲೆ ಒಂದೊಂದು ಕಡೆ ತಲಪಿದ ವೇಳೆಯ ವ್ಯತ್ಯಾಸದಿಂದ ಸಿಡಿಲಿನ ಜಾಗ ತಿಳಿಯುತ್ತದೆ. ಅದರ ‘ದಾಮಿನಿ’ ಆಪ್ ಇದನ್ನೇ ಆಧರಿಸಿ ಎಚ್ಚರಿಕೆ ಕೊಡುತ್ತದೆ. ಊರಲ್ಲಿರುವವರ ಫೋನಿಗೆ ಅದನ್ನು ಹಾಕಿಕೊಡಿ.

ಕೊನೆಯದಾಗಿ, ತಲೆಯ ಮೇಲೇ ಗುಡುಗುತ್ತಿರುವಾಗ ಏರಿಯಲ್ ಮುಟ್ಟಬಾರದು. ಸ್ಫೆರಿಕ್ಸ್ ಸಾವಿರಾರು ಕಿ.ಮೀ. ದೂರದಿಂದಲೂ ಬರುತ್ತವೆ. ಆಕಾಶ ಶುಭ್ರವಾಗಿರುವ ರಾತ್ರಿಯೇ ಈ ಅಭ್ಯಾಸಕ್ಕೆ ಒಳ್ಳೆಯದು.