ಕಡತ ಈಗ ಯಾರ ಮೇಜಿನ ಮೇಲಿದೆ?

ಕಚೇರಿಗೆ ಅರ್ಜಿ ಕೊಟ್ಟು ಬಂದ ಮೇಲೆ ನಾವೆಲ್ಲ ಕೇಳುವುದು ಒಂದೇ: ‘ಆಯ್ತಾ ಸಾರ್?’ ಉತ್ತರವೂ ಒಂದೇ: ‘ಪ್ರೊಸೆಸ್‌ನಲ್ಲಿದೆ.’ ಅಷ್ಟಕ್ಕೇ ತಲೆಯಾಡಿಸಿ ಬರಬೇಡಿ. ಕಡತ ಈಗ ಯಾರ ಬಳಿ ಇದೆ, ಅಲ್ಲಿಗೆ ಯಾವತ್ತು ಬಂತು ಎಂದು ಕೇಳಿ ತಾರೀಖು ಸಮೇತ ಬರೆದಿಟ್ಟುಕೊಳ್ಳಿ. ‘ತಿಂಗಳಾಯ್ತು’ ಎಂದು ಗೊಣಗಿದರೆ ಯಾರಿಗೂ ತಾಗದು. ‘ಗುಮಾಸ್ತರಲ್ಲಿ 2 ದಿನ, ಸಹಿಗೆಂದು 18 ದಿನ’ ಎಂದರೆ ತಾಗುತ್ತದೆ. ನಿಮ್ಮದೇ ಯಾವುದಾದರೂ ದಾಖಲೆಗಾಗಿ ಕಡತ ಕಾಯುತ್ತಿರಲೂಬಹುದು, ಮೊದಲು ಅದನ್ನು ವಿಚಾರಿಸಿ.

ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ಕರ್ನಾಟಕದ ‘ಸಕಾಲ’ ಕಾಯ್ದೆಯಡಿ ಬರುವ ಸೇವೆಯಾದರೆ ಸ್ವೀಕೃತಿ ಚೀಟಿಯಲ್ಲಿರುವ 15 ಅಂಕಿಯ ಸಂಖ್ಯೆಯನ್ನು ಜೋಪಾನ ಮಾಡಿ. ಗಡುವು ಮೀರಿದರೆ ಮೇಲ್ಮನವಿ ಸಲ್ಲಿಸಬಹುದು. ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಉಂಟು. ದೊಡ್ಡ ಮೊತ್ತವೇನಲ್ಲ, ಆದರೆ ಅದು ತಡಮಾಡಿದವರ ಸಂಬಳದಿಂದ ಹೋಗುತ್ತದೆ.