ಪ್ರಯೋಗದ ವರದಿ: ಅದರ ಕ್ರಮ ಮತ್ತು ಪ್ರಾಮಾಣಿಕತೆ

ವಿಜ್ಞಾನದ ವಿದ್ಯಾರ್ಥಿಗೆ ಪ್ರಯೋಗವು ಎಷ್ಟು ಮುಖ್ಯವೋ ಅದರ ವರದಿಯೂ ಅಷ್ಟೇ ಮುಖ್ಯವಾದುದು. ಪ್ರಯೋಗವು ಒಂದೆರಡು ಗಂಟೆಗಳಲ್ಲಿ ಮುಗಿದುಹೋಗುತ್ತದೆ, ಉಳಿಯುವುದು ವರದಿ. ಅದನ್ನು ಓದಿದ ಬೇರೊಬ್ಬನು ಅದೇ ಪ್ರಯೋಗವನ್ನು ತಾನೂ ಮಾಡಿ ನೋಡಲು ಶಕ್ತನಾಗಬೇಕು. ವರದಿಯ ಕ್ರಮವೆಲ್ಲವೂ ಈ ಒಂದು ಉದ್ದೇಶದಿಂದ ಹುಟ್ಟಿದುದಾಗಿದೆ. ಎಲ್ಲರಿಗೂ ಪರಿಚಿತವಾದ ಸರಳ ಲೋಲಕದ ಪ್ರಯೋಗವನ್ನೇ ತೆಗೆದುಕೊಂಡು ಈ ವಿಷಯವನ್ನು ಪರಿಶೀಲಿಸೋಣ.

ಮೊದಲು ಪ್ರಯೋಗದ ಹೆಸರು ಮತ್ತು ದಿನಾಂಕ. ಬಳಿಕ ಉದ್ದೇಶ, ಇದು ಒಂದೇ ವಾಕ್ಯದಲ್ಲಿರಬೇಕು: 'ಸರಳ ಲೋಲಕದ ಸಹಾಯದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವುದು.' ಮೂರನೆಯದಾಗಿ ಉಪಕರಣಗಳು. ಇಲ್ಲಿ ಹೆಸರುಗಳ ಪಟ್ಟಿಯಷ್ಟೇ ಸಾಲದು. ಅಳತೆಪಟ್ಟಿಯೂ ಸ್ಟಾಪ್‌ವಾಚೂ ಎಷ್ಟು ಸೂಕ್ಷ್ಮವಾಗಿ ಅಳೆಯಬಲ್ಲವು ಎಂಬುದನ್ನೂ ತಿಳಿಸಬೇಕು. ನಾಲ್ಕನೆಯದು ತತ್ತ್ವ: ಸೂತ್ರ ಹಾಗೂ ಅದರ ಪ್ರತಿಯೊಂದು ಸಂಕೇತದ ಅರ್ಥ. ಐದನೆಯದು ವಿಧಾನ. ಪಠ್ಯಪುಸ್ತಕದ 'ದಾರವನ್ನು ಕಟ್ಟಬೇಕು' ಎಂಬ ವಾಕ್ಯವು ಆದೇಶ. 'ದಾರವನ್ನು ಕಟ್ಟಲಾಯಿತು' ಎಂಬುದು ವರದಿ. ವಿದ್ಯಾರ್ಥಿಯು ತಾನು ಮಾಡಿದುದನ್ನು ಬರೆಯಬೇಕೇ ಹೊರತು ಮಾಡಬೇಕಾಗಿದ್ದುದನ್ನಲ್ಲ.

ಆರನೆಯದಾದ ವೀಕ್ಷಣೆಯೇ ವರದಿಯ ಜೀವಾಳ. ಕೋಷ್ಟಕವನ್ನು ಪ್ರಯೋಗಕ್ಕೆ ಮೊದಲೇ ಹಾಕಿಕೊಂಡಿರಬೇಕು. ಲೋಲಕದ ಉದ್ದ, 20 ಆಂದೋಲನಗಳಿಗೆ ಹಿಡಿದ ಕಾಲ, ಒಂದು ಆಂದೋಲನದ ಕಾಲ ಮತ್ತು ಅದರ ವರ್ಗ, ಹೀಗೆ ಅಂಕಣಗಳಿದ್ದು, ಪ್ರತಿಯೊಂದರ ಶೀರ್ಷಿಕೆಯಲ್ಲಿಯೇ ಮಾನವು ಸೂಚಿತವಾಗಿರಬೇಕು. ಅಂಕಿಗಳನ್ನು ಕಂಡ ಕ್ಷಣದಲ್ಲಿಯೇ ಶಾಯಿಯಿಂದ ಬರೆಯಬೇಕು. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಬೇಕು, ಅಳಿಸಬಾರದು.

ಅನಂತರ ಲೆಕ್ಕ ಮತ್ತು ಫಲಿತಾಂಶ. ಉದ್ದವು 1.00 ಮೀಟರು, 20 ಆಂದೋಲನಗಳ ಕಾಲವು 40.2 ಸೆಕೆಂಡು ಎಂದಿಟ್ಟುಕೊಳ್ಳೋಣ. ಒಂದು ಆಂದೋಲನಕ್ಕೆ 2.01 ಸೆಕೆಂಡು, ಲೆಕ್ಕ ಮಾಡಿದರೆ ಗುರುತ್ವ ವೇಗೋತ್ಕರ್ಷವು ಸೆಕೆಂಡಿನ ವರ್ಗಕ್ಕೆ 9.77 ಮೀಟರು. ಗಣಕಯಂತ್ರವು ಎಂಟು ಅಂಕಿಗಳನ್ನು ತೋರಿಸಿತೆಂದು ಎಂಟನ್ನೂ ಬರೆಯುವುದು ಸಲ್ಲದು. ಅಳತೆಯಲ್ಲಿಲ್ಲದ ಸೂಕ್ಷ್ಮತೆಯು ಉತ್ತರದಲ್ಲಿ ಬರಲಾರದು.

ಇಲ್ಲಿಯೇ ವಿದ್ಯಾರ್ಥಿಯ ಪರೀಕ್ಷೆ ನಡೆಯುವುದು. ಪುಸ್ತಕದಲ್ಲಿ 9.8 ಎಂದಿದೆ. ಅಂಕಗಳ ಆಸೆಯಿಂದ ಅವನು ಹಿಂದಕ್ಕೆ ಲೆಕ್ಕ ಹಾಕಿ, ಕಾಲವನ್ನು ತಿದ್ದಿ, 9.80 ಎಂದು ತೋರಿಸುವುದುಂಟು. ಆದರೆ ಭೂಮಧ್ಯರೇಖೆಗೆ ಸಮೀಪದಲ್ಲಿ ಗುರುತ್ವವು ಸ್ವಲ್ಪ ಕಡಿಮೆ. ನಮ್ಮ ಕರ್ನಾಟಕದಲ್ಲಿ ಅದರ ಬೆಲೆ ಸುಮಾರು 9.78. ತಿದ್ದಿದ ಉತ್ತರಕ್ಕಿಂತ ತಿದ್ದದ ಉತ್ತರವೇ ಸತ್ಯಕ್ಕೆ ಹತ್ತಿರವಾಗಿತ್ತು!

ಉತ್ತರವು ನಿಜವಾಗಿಯೂ ದೂರ ಹೋದಾಗ ಕಾರಣವನ್ನು ಹುಡುಕಿ, ದೋಷವಿಚಾರದಲ್ಲಿ ಬರೆಯಬೇಕು. ಗುಂಡಿನ ಕೇಂದ್ರದವರೆಗೆ ಅಳೆಯದೆ ಅದರ ಕೊಕ್ಕೆಯವರೆಗೆ ಮಾತ್ರ ಅಳೆದು ಉದ್ದವು 1 ಸೆಂಟಿಮೀಟರು ಕಡಿಮೆಯಾದರೆ ಉತ್ತರವು 9.67ಕ್ಕೆ ಇಳಿಯುತ್ತದೆ. ಸ್ಟಾಪ್‌ವಾಚನ್ನು ಒತ್ತುವಾಗ 'ಸೊನ್ನೆ' ಎನ್ನುವ ಬದಲು 'ಒಂದು' ಎಂದು ಎಣಿಸತೊಡಗಿದರೆ 19 ಆಂದೋಲನಗಳೇ 20 ಆಗಿ, ಉತ್ತರವು 10.8ಕ್ಕೆ ಏರುತ್ತದೆ. ಹೀಗೆ ತಪ್ಪು ಉತ್ತರವೂ ಪಾಠ ಕಲಿಸುತ್ತದೆ. ಸುಳ್ಳು ಉತ್ತರವು ಏನನ್ನೂ ಕಲಿಸದು.

ಇದಕ್ಕೆ ವಿಜ್ಞಾನದ ಚರಿತ್ರೆಯಲ್ಲಿ ಉಜ್ವಲ ನಿದರ್ಶನವೊಂದಿದೆ. ಇಂಗ್ಲೆಂಡಿನ ಲಾರ್ಡ್ ರ‍್ಯಾಲೆಯವರು ವಾಯುವಿನಿಂದ ಪಡೆದ ನೈಟ್ರೋಜನ್ನಿಗೂ ರಾಸಾಯನಿಕ ಸಂಯುಕ್ತಗಳಿಂದ ಪಡೆದ ನೈಟ್ರೋಜನ್ನಿಗೂ ತೂಕದಲ್ಲಿ ವ್ಯತ್ಯಾಸವಿರುವುದನ್ನು ಕಂಡರು. ಒಂದೇ ಗೋಳದಲ್ಲಿ ತುಂಬಿದಾಗ ಒಂದು ಸುಮಾರು 2.310 ಗ್ರಾಂ, ಇನ್ನೊಂದು 2.299 ಗ್ರಾಂ. ಅವರು ಇದನ್ನು ಕೈತಪ್ಪೆಂದು ಮುಚ್ಚಿಡಲಿಲ್ಲ. 1892ರಲ್ಲಿಯೇ ಈ ಭೇದವನ್ನು ಪ್ರಕಟಿಸಿ ರಸಾಯನ ವಿಜ್ಞಾನಿಗಳ ಸಲಹೆಯನ್ನು ಬೇಡಿದರು. ವಿಲಿಯಂ ರ‍್ಯಾಮ್ಸೆಯವರೂ ಕೈಗೂಡಿಸಲು, 1894ರಲ್ಲಿ ಆರ್ಗಾನ್ ಎಂಬ ಹೊಸ ಧಾತುವು ಬೆಳಕಿಗೆ ಬಂದಿತು. 1904ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ದಾನಿಗಳು ಪ್ರಯೋಗಶಾಲೆಯನ್ನು ಕಟ್ಟಿಸಿಕೊಡಬಲ್ಲರು. ಹಳೆಯ ವಿದ್ಯಾರ್ಥಿಗಳು ಉಪಕರಣಗಳನ್ನು ಒದಗಿಸಬಲ್ಲರು. ಆದರೆ ಕಂಡದ್ದನ್ನು ಕಂಡಂತೆ ಬರೆಯುವ ಧೈರ್ಯವನ್ನು ಮಕ್ಕಳಲ್ಲಿ ಬೆಳೆಸಬೇಕಾದವರು ಅಧ್ಯಾಪಕರು. 9.67 ಎಂದು ಬರೆದು ಕಾರಣವನ್ನು ವಿವರಿಸಿದ ವಿದ್ಯಾರ್ಥಿಗೆ, ಕಾರಣವಿಲ್ಲದೆ 9.80 ಎಂದು ಬರೆದವನಿಗಿಂತ ಹೆಚ್ಚು ಅಂಕಗಳನ್ನು ಕೊಡುವ ದಿನವೇ ನಮ್ಮ ಪ್ರಯೋಗಶಾಲೆಗಳು ಸಾರ್ಥಕವಾಗುವ ದಿನ.