ವೈದ್ಯರೊಡನೆ ಮಾತು: ಹೇಳುವ ಬಗೆ, ಕೇಳುವ ಬಗೆ



ಆಸ್ಪತ್ರೆಯಲ್ಲಿ ಸ್ಟೆತಾಸ್ಕೋಪು, ರಕ್ತದೊತ್ತಡದ ಯಂತ್ರ ಮೊದಲಾದ ಸಾಧನಗಳನ್ನು ನೀವು ನೋಡಿದ್ದೀರಿ. ಇವೆಲ್ಲಕ್ಕಿಂತ ಮೊದಲು ಬಳಕೆಗೆ ಬರುವ ಸಾಧನವೆಂದರೆ ಮಾತು. ವೈದ್ಯರು ಮತ್ತು ರೋಗಿಗಳ ನಡುವಣ ಮಾತನ್ನು ಧ್ವನಿಮುದ್ರಿಸಿ, ಯಾರು ಹೇಗೆ ಕೇಳಿದರು, ಉತ್ತರ ಎಲ್ಲಿ ತುಂಡಾಯಿತು ಎಂದು ಪರಿಶೀಲಿಸಿದ ಅಧ್ಯಯನಗಳುಂಟು. ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ ಅಂತಹ ಒಂದು ಅಧ್ಯಯನದಲ್ಲಿ 74 ಭೇಟಿಗಳನ್ನು ಪರಿಶೀಲಿಸಲಾಯಿತು. ರೋಗಿಯು ಹೇಳತೊಡಗಿದ ಸರಾಸರಿ 18 ಸೆಕೆಂಡುಗಳಲ್ಲಿಯೇ ವೈದ್ಯರು ನಡುವೆ ಮಾತನಾಡಿದ್ದು ಕಂಡುಬಂದಿತು. ತಪ್ಪು ವೈದ್ಯರಾದ ನಮ್ಮದು. ನಷ್ಟ ಮಾತ್ರ ರೋಗಿಯದು. ಆದಕಾರಣ ಈ ವಿಷಯವನ್ನು ನೀವೂ ತಿಳಿದಿರಬೇಕು.

ಪ್ರಶ್ನೆಯ ರೂಪ

ಗರ್ಭಿಣಿಯೊಬ್ಬರನ್ನು "ಏನೂ ತೊಂದರೆ ಇಲ್ಲ ತಾನೇ ಅಮ್ಮ?" ಎಂದು ಕೇಳಿದರೆ, "ಇಲ್ಲ" ಎಂಬ ಉತ್ತರವು ಪ್ರಶ್ನೆಯಲ್ಲಿಯೇ ಅಡಗಿರುತ್ತದೆ. ಆಕೆ "ಇಲ್ಲ ಡಾಕ್ಟ್ರೇ" ಎಂದು ಏಳುತ್ತಾರೆ. ಬಾಗಿಲ ಬಳಿ ತಿರುಗಿ ನಿಂತು, "ಎರಡು ದಿನದಿಂದ ತಲೆ ಸಿಡೀತಿದೆ, ಕಣ್ಣು ಮಂಜಾಗ್ತಿದೆ" ಎನ್ನುತ್ತಾರೆ. ಇದು ಕೊನೆಗೆ ಹೇಳುವ ಮಾತಲ್ಲ; ಮೊದಲು ಹೇಳಬೇಕಾದ ಮಾತು. ಗರ್ಭಿಣಿಯಲ್ಲಿ ಇವು ರಕ್ತದೊತ್ತಡ ಏರಿದ ಲಕ್ಷಣಗಳಾಗಿರಬಹುದು. ಚಿಕಿತ್ಸೆ ತಡವಾದರೆ ಫಿಟ್ಸ್ ಬಂದು ತಾಯಿ-ಮಗುವಿನ ಪ್ರಾಣಕ್ಕೆ ಅಪಾಯವಾಗಬಹುದು. ಸಂಕೋಚದಿಂದ ಹೇಳದೆ ಹೋಗಿದ್ದರೆ?

ಪ್ರಶ್ನೆಯ ಒಂದೇ ಪದವನ್ನು ಬದಲಿಸಿದ್ದರಿಂದ, ರೋಗಿಗಳು ಹೇಳದೆ ಉಳಿಯುತ್ತಿದ್ದ ತೊಂದರೆಗಳು ಬಹಳ ಕಡಿಮೆಯಾದುವೆಂದು ಅಮೆರಿಕದ 2007ರ ಮತ್ತೊಂದು ಅಧ್ಯಯನ ತೋರಿಸಿದೆ. ಪ್ರಶ್ನೆ ಹೇಗೆಯೇ ಇರಲಿ, ನಿಮ್ಮ ಉತ್ತರ ನಿಮ್ಮದಾಗಿರಲಿ.

"ಸರಿ" ಎಂಬ ಮಾತು

"ಸರಿ ಡಾಕ್ಟ್ರೇ" ಎಂದರೆ "ಅರ್ಥವಾಯಿತು" ಎಂದಾಗಬಹುದು. "ಕೇಳಿಸಿತು" ಎಂದಷ್ಟೇ ಆಗಬಹುದು. "ಹೊರಡುತ್ತೇನೆ" ಎಂದೂ ಆಗಬಹುದು. ಸಂತಾನ ನಿಯಂತ್ರಣದ "ಛಾಯಾ" ಮಾತ್ರೆಯನ್ನೇ ತೆಗೆದುಕೊಳ್ಳಿ. "ವಾರಕ್ಕೆರಡು" ಎಂದು ಹೇಳಿದರೆ, ಎರಡನ್ನೂ ಒಂದೇ ದಿನ ನುಂಗಬೇಕೆಂದು ತಿಳಿಯುವುದು ಸಾಧ್ಯ. ಸರಿಯಾದ ಕ್ರಮ ಹೀಗಿದೆ: ಮುಟ್ಟಿನ ಮೊದಲನೆಯ ದಿನ ಒಂದು ಮಾತ್ರೆ. ಅದು ಭಾನುವಾರವಾದರೆ ಎರಡನೆಯದು ಬುಧವಾರ. ಹೀಗೆ ಮೊದಲ ಮೂರು ತಿಂಗಳು ವಾರದಲ್ಲಿ ಎರಡು ದಿನ, ದಿನಕ್ಕೆ ಒಂದರಂತೆ. ನಾಲ್ಕನೆಯ ತಿಂಗಳಿನಿಂದ ವಾರಕ್ಕೆ ಒಂದೇ, ಮೊದಲು ಆರಂಭಿಸಿದ ವಾರದಂದೇ. ಯಾವ ಮಾತ್ರೆಯನ್ನಾದರೂ ವೈದ್ಯರ ಸಲಹೆ ಪಡೆದೇ ಆರಂಭಿಸತಕ್ಕದ್ದು.

ನೀವು ಮಾಡಬೇಕಾದುದು

1. ಮನೆಯಿಂದ ಹೊರಡುವ ಮೊದಲೇ ತೊಂದರೆಗಳನ್ನು ಇಬ್ಬರೂ ಕೂಡಿ ಎಣಿಸಿಕೊಳ್ಳಿ. ಹೆಚ್ಚು ಭಯ ಹುಟ್ಟಿಸುವುದನ್ನು ಮೊದಲು ಹೇಳಿ.

2. "ಸುಸ್ತು", "ಒಂಥರಾ ಆಗುತ್ತದೆ" ಎಂದು ನಿಲ್ಲಿಸಬೇಡಿ. ಎಲ್ಲಿ, ಎಂದಿನಿಂದ, ಎಷ್ಟು ಎಂಬುದನ್ನು ತಿಳಿಸಿ.

3. ಪತ್ನಿಯ ಪರವಾಗಿ ಪತಿಯು ಉತ್ತರಿಸುವುದು ಬೇಡ. ಆಕೆ ಒಬ್ಬರೇ ಮಾತನಾಡಬಯಸಿದರೆ ಹೊರಗೆ ಕಾಯುವುದೂ ಸಹಕಾರವೇ.

4. ಹೇಳಿದ ಸಲಹೆಯನ್ನು ನಿಮ್ಮ ಮಾತಿನಲ್ಲಿ ವೈದ್ಯರಿಗೋ ಶುಶ್ರೂಷಕಿಗೋ ಒಮ್ಮೆ ತಿರುಗಿ ಹೇಳಿ, ಸರಿಯೇ ಎಂದು ಕೇಳಿ.

5. ಮನೆಗೆ ಬಂದ ಮೇಲೆ ಸಂಶಯ ಬಂದರೆ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.

ತಿರುಗಿ ಕೇಳುವುದು ಅವಿನಯವಲ್ಲ. ಕೇಳಿದ ಒಂದು ಪ್ರಶ್ನೆಯಿಂದ ನಮ್ಮ ಸಮಯ ಹಾಳಾಗದು. ಕೇಳದೆ ಬಿಟ್ಟ ಒಂದು ಮಾತಿನಿಂದ ನಿಮ್ಮ ಸಂಸಾರ ನೋಯಬಹುದು.